ಚಳಿಗಾಲದ ಲೇಸರ್ ಆಫರ್, ಅದು ಯಾವೂರಿನ ಚಳಿಗಾಲ?

ನಮಸ್ಕಾರ ಎಲ್ರಿಗೂ. ದೀಪಾವಳಿ ಮುಗೀತು ಅಂದ್ರೆ ಸಾಕು, ಫೋನ್ ತೆಗೆದ್ರೆ ಸ್ಕಿನ್ ಕ್ಲಿನಿಕ್ಕಿನವರ ಅದೇ ಜಾಹೀರಾತು, ಕೂದಲು ತೆಗೆಯೋ, ಮೊಡವೆ ಗುಂಡಿ ಸರಿಮಾಡೋ ಲೇಸರ್ ಬಗ್ಗೆ, "ಚಳಿಗಾಲ ಲೇಸರ್‌ಗೆ ಬೆಸ್ಟ್ ಟೈಮ್, ಆರು ಸೆಷನ್ ತಗೊಂಡ್ರೆ ಎರಡು ಫ್ರೀ, ಆಫರ್ ಡಿಸೆಂಬರ್ 31ರವರೆಗೆ ಮಾತ್ರ". ಒಂದಷ್ಟು ಜನ ನಂಗೆ ಅದನ್ನೇ ಫಾರ್ವರ್ಡ್ ಮಾಡಿ ಮಾಡಿಸ್ಲಾ ಬೇಡ್ವಾ ಅಂತ ಕೇಳ್ತಿದ್ದಾರೆ. ನಾನು ಡಾಕ್ಟರಲ್ಲ, ಅದು ಮೊದ್ಲೇ ಹೇಳಿಬಿಡ್ತೀನಿ. ಆದ್ರೆ ಈ ಜಾಹೀರಾತು ನೋಡಿದಾಗೆಲ್ಲ ನಂಗೊಂದು ಸಿಟ್ಟು ಬರುತ್ತೆ, ಅಲ್ಲ ಕಣ್ರೀ, ಯಾವೂರಿನ ಚಳಿಗಾಲದ ಬಗ್ಗೆ ಮಾತಾಡ್ತಿದ್ದೀರಾ ನೀವು?

ಟ್ಯಾನ್ ಆದ ಚರ್ಮಕ್ಕೆ ಲೇಸರ್ ಬಿಟ್ರೆ ಸುಡಬಹುದು, ಚಳಿಗಾಲದಲ್ಲಿ ಬಿಸಿಲು ಕಮ್ಮಿ, ಅದಕ್ಕೇ ಬೆಸ್ಟ್ ಅನ್ನೋದು ಆ ಮಾತಿನ ಹಿಂದಿರೋ ಲೆಕ್ಕ. ಲಂಡನ್ನಲ್ಲಿ ಡಿಸೆಂಬರ್ ಕೊನೇಲಿ ನಡುಮಧ್ಯಾಹ್ನಾನೂ ಸೂರ್ಯ ದಿಗಂತದಿಂದ 15 ಡಿಗ್ರಿ ಮೇಲೇರಿದ್ರೆ ಹೆಚ್ಚು. ಯುವಿ ಇಂಡೆಕ್ಸ್, ಅಂದ್ರೆ ಬಿಸಿಲಲ್ಲಿ ಚರ್ಮ ಸುಡೋ ಅತಿನೇರಳೆ ಕಿರಣ ಎಷ್ಟು ಜೋರು ಅನ್ನೋ ಲೆಕ್ಕ, 1ರ ಹತ್ರ ಬಿದ್ದಿರುತ್ತೆ, ಜನ ಕೋಟು ಮಫ್ಲರ್ ಅಂತ ಮೈಯೆಲ್ಲ ಮುಚ್ಕೊಂಡು ಓಡಾಡ್ತಾರೆ, ಅಲ್ಲಿ ಈ ಮಾತು ನೂರಕ್ಕೆ ನೂರು ಸರಿ. ಅದೇ ದಿನ ನಮ್ಮ ಬೆಂಗಳೂರಲ್ಲಿ ಸೂರ್ಯ 53 ಡಿಗ್ರಿ ಮೇಲಿರ್ತಾನೆ. ಊರು ಬೇರೆ 900 ಮೀಟರ್ ಎತ್ತರದಲ್ಲಿದೆ, ಎತ್ತರ ಹೋದಷ್ಟೂ ಯುವಿ ಜಾಸ್ತಿ. ಮೋಡಾನೂ ಕಮ್ಮಿ. ಬೆಳಿಗ್ಗೆ ಸ್ವೆಟರ್ ಹಾಕ್ಕೊಂಡು ಹೊರಟವರು ಹನ್ನೊಂದು ಗಂಟೆಗೆ ಅದನ್ನ ಸೊಂಟಕ್ಕೆ ಕಟ್ಕೊಂಡಿರ್ತಾರಲ್ಲ, ಅದು ನಮ್ಮ ಚಳಿಗಾಲ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ಇಂಡೆಕ್ಸ್ 3 ಆದ್ರೆ ಸಾಕು, ಚರ್ಮ ಕಾಪಾಡ್ಕೊಬೇಕು. ಜನವರಿ ಮಧ್ಯಾಹ್ನ ಹವಾಮಾನದ ಆ್ಯಪ್ ತೆಗೆದು ನೋಡಿ, 3 ಎಲ್ಲೋ ಕೆಳಗೆ ಉಳಿದಿರುತ್ತೆ. ಗಾಳಿ ತಣ್ಣಗಿದೆ ಅಂದಮಾತ್ರಕ್ಕೆ ಯುವಿ ಕಮ್ಮಿ ಅಂತ ಅಲ್ಲ, ಯುವಿ ಬಿಸಿಯಾಗಿ ಗೊತ್ತಾಗೋ ವಸ್ತುನೇ ಅಲ್ಲ.

ಇನ್ನೊಂದು, ನಾವು ಹೊರಗಡೆ ಜಾಸ್ತಿ ಇರೋದೇ ಚಳಿಗಾಲದಲ್ಲಿ! ಕಡಲೆಕಾಯಿ ಪರಿಷೆ, ಸ್ಕೂಲ್ ಸ್ಪೋರ್ಟ್ಸ್ ಡೇ, ಗೋಕರ್ಣ ಟ್ರಿಪ್, ಚಿಕ್ಕಮಗಳೂರು ಟ್ರೆಕ್, ಎಲ್ಲಾ ಆಗಲೇ. ಹಳ್ಳಿ ಕಡೆ ಬೆಳಿಗ್ಗೆ ಜಗಲಿ ಮೇಲೆ ಕೂತು ಬಿಸಿಲು ಕಾಯಿಸ್ಕೊಳ್ಳೋದು ಬೇರೆ. ಇನ್ನು ಮಂಗಳೂರು ಉಡುಪಿ ಕಡೆಯವರಿಗಂತೂ ಚಳಿಗಾಲದ ಆಫರ್ ಕಳಿಸೋದು ತಮಾಷೆನೇ, ಡಿಸೆಂಬರ್ ಮಧ್ಯಾಹ್ನ ಅಲ್ಲಿ ಬೆವರು ಇಳೀತಿರುತ್ತೆ.

ಈಗ ಬಿಸಿಲಿಗೂ ಲೇಸರ್‌ಗೂ ಏನು ಸಂಬಂಧ ಅಂತ ಹೇಳ್ತೀನಿ, ಇದು ಗೊತ್ತಾದ್ರೆ ಅರ್ಧ ಜಾಹೀರಾತು ನೀವೇ ತಿಪ್ಪೆಗೆ ಹಾಕ್ತೀರ. 1983ರಲ್ಲಿ ಆಂಡರ್ಸನ್, ಪ್ಯಾರಿಶ್ ಅಂತ ಇಬ್ಬರು ಒಂದು ಪೇಪರ್ ಬರೆದ್ರು. ಸರಿಯಾದ ಬಣ್ಣದ ಬೆಳಕನ್ನ ಸರಿಯಾದಷ್ಟೇ ಹೊತ್ತು ಬಿಟ್ರೆ, ಅದನ್ನ ಹೀರ್ಕೊಳ್ಳೋ ವಸ್ತು ಮಾತ್ರ ಕಾಯುತ್ತೆ, ಸುತ್ತಮುತ್ತ ಉಳ್ಕೊಳ್ಳುತ್ತೆ, ಇದು ಅದರ ಸಾರ. ಕೂದಲು ತೆಗೆಯೋ ಲೇಸರ್ ಹುಡುಕೋದು ಕೂದಲಿನ ಬುಡದಲ್ಲಿರೋ ಮೆಲನಿನ್ನ, ಅಂದ್ರೆ ಕೂದಲಿಗೆ ಕಪ್ಪು ಬಣ್ಣ ಕೊಡೋ ವಸ್ತುನ. ತೊಂದರೆ ಏನಪ್ಪಾ ಅಂದ್ರೆ ಮೆಲನಿನ್ ನಮ್ಮ ಚರ್ಮದಲ್ಲೂ ಇದೆ, ಬಿಸಿಲಿಗೆ ಟ್ಯಾನ್ ಆದ್ರೆ ಇನ್ನೂ ಜಾಸ್ತಿ. ಕಪ್ಪು ಅಂಗಿ ಬಿಸಿಲಲ್ಲಿ ಬೇಗ ಕಾಯುತ್ತಲ್ಲ, ಹಾಗೆ. ಕೂದಲಿಗೆ ಅಂತ ಬಿಟ್ಟ ಬೆಳಕನ್ನ ಚರ್ಮಾನೇ ನುಂಗಿ ಸುಟ್ಕೊಂಡುಬಿಡುತ್ತೆ. ಮೊದ್ಲು ಕೆಂಪು, ಆಮೇಲೆ ಬೊಬ್ಬೆ, ಆಮೇಲೆ ತಿಂಗಳುಗಟ್ಟಲೆ ಹೋಗದ ಕಪ್ಪು ಕಲೆ. ಚರ್ಮದ ಬಣ್ಣ ನೋಡಿ ಒಂದರಿಂದ ಆರರವರೆಗೆ ಟೈಪ್ ಮಾಡೋ ಫಿಟ್ಜ್‌ಪ್ಯಾಟ್ರಿಕ್ ಲೆಕ್ಕ ಒಂದಿದೆ, ನಮ್ಮಲ್ಲಿ ಬಹಳ ಜನ ನಾಲ್ಕು ಐದರಲ್ಲಿ ಬರ್ತೀವಿ, ಈ ಕಪ್ಪು ಕಲೆ ಜಾಸ್ತಿ ಕಾಡೋದು ಇಂಥ ಚರ್ಮಕ್ಕೇ.

ಅದಕ್ಕೇ ತಿಂಗಳು ಯಾವ್ದು ಅಂತ ಕೇಳೋಕಿಂತ ಮುಂಚೆ ಮಷೀನ್ ಯಾವ್ದು ಅಂತ ಕೇಳಿ. ಲೇಸರ್‌ನಲ್ಲಿ ಬೇರೆಬೇರೆ ಥರ ಇದೆ, ಹೆಸರಿನ ಜೊತೆಗಿರೋ ನಂಬರ್ ಅದರ ಬೆಳಕಿನ ತರಂಗಾಂತರ. ಅಲೆಕ್ಸಾಂಡ್ರೈಟ್ 755 ನ್ಯಾನೋಮೀಟರ್, ಡಯೋಡ್ 810ರ ಆಸುಪಾಸು, ಎನ್‌ಡಿ ಯಾಗ್ 1064. ನಂಬರ್ ಮೇಲೆ ಹೋದಷ್ಟೂ ಬೆಳಕು ಒಳಗಿಳಿಯುತ್ತೆ, ಮೇಲ್ಚರ್ಮದ ಮೆಲನಿನ್ ಹೀರ್ಕೊಳ್ಳೋದು ಕಮ್ಮಿಯಾಗುತ್ತೆ. ಹಾಗಾಗಿ ಬಣ್ಣ ಜಾಸ್ತಿ ಇರೋರಿಗೆ ಯಾಗ್ ಹೆಚ್ಚು ಸೇಫ್. ಐಪಿಎಲ್ ಅಂತ ಹೇಳಿದ್ರೆ ಅದು ಲೇಸರ್ರೇ ಅಲ್ಲ, ಫ್ಲಾಶ್ ಲೈಟ್, ನಮ್ಮ ಚರ್ಮಕ್ಕೆ ಇನ್ನೂ ಹುಷಾರಾಗಿರ್ಬೇಕು.

ಸರಿ, ಕ್ಯಾಲೆಂಡರ್ ಲೆಕ್ಕ ಹಾಕೋಣ. ಕೂದಲು ಎಲ್ಲಾ ಒಟ್ಟಿಗೆ ಬೆಳೆಯಲ್ಲ, ಬೆಳೀತಿರೋ ಕೂದಲಿಗಷ್ಟೇ ಲೇಸರ್ ನಾಟೋದು, ಹಾಗಾಗಿ ಆರರಿಂದ ಎಂಟು ಸೆಷನ್ ಬೇಕು, ಮಧ್ಯ ನಾಲ್ಕರಿಂದ ಆರು ವಾರ ಗ್ಯಾಪು. ಡಿಸೆಂಬರ್ ಮೊದಲ ವಾರ ಶುರು ಮಾಡಿದ್ರಿ ಅಂದ್ಕೊಳ್ಳಿ, ಆರು ವಾರದ ಗ್ಯಾಪಲ್ಲಿ ಆರನೇ ಸೆಷನ್ ಬರೋದು ಜುಲೈಗೆ. ಮಾರ್ಚ್ ಏಪ್ರಿಲ್ ಮೇ ಪೂರ್ತಿ ನೀವು ಲೇಸರ್ ಮಾಡಿಸ್ಕೊಂಡೇ ಇರ್ತೀರ. ಚಳಿಗಾಲ ಬೆಸ್ಟ್ ಅಂತ ಕರೆದವರು ಆ ಬೇಸಿಗೆ ಸೆಷನ್ ಬಗ್ಗೆ ಯಾಕೆ ಬಾಯಿ ಬಿಡಲ್ಲ? ಗಡ್ಡದ ಲೈನ್ ಮಾಡಿಸೋ ಹುಡುಗ್ರಿಗೂ ಇದೇ ಲೆಕ್ಕ. ಪಿಸಿಓಎಸ್ ಅನ್ನೋ ಹಾರ್ಮೋನ್ ತೊಂದರೆ ಇದ್ದು ಗಲ್ಲದ ಮೇಲೆ ಕೂದಲು ಬರೋರಿಗೆ ಆಮೇಲೂ ಆಗಾಗ ಮಾಡಿಸ್ತಿರ್ಬೇಕಾಗುತ್ತೆ, ಪರ್ಮನೆಂಟ್ ಅಂತ ಹೇಳಿದ್ರೆ ಅಲ್ಲಿಂದ ಎದ್ದು ಬನ್ನಿ.

ಮೊಡವೆ ಗುಂಡಿಗೆ ಮಾಡೋ ಫ್ರಾಕ್ಷನಲ್ ಸಿಓಟು, ಅಂದ್ರೆ ಚರ್ಮನ ಸಣ್ಣಸಣ್ಣ ಚುಕ್ಕೆಯಾಗಿ ಸುಡೋ ಲೇಸರ್, ಬೇರೆ ಕಥೆ. ಮರಗಟ್ಟೋ ಕ್ರೀಮ್ ಹಚ್ಚಿ ಮುಕ್ಕಾಲು ಗಂಟೆ ಕೂರಿಸ್ತಾರೆ, ಆಮೇಲೆ ಟಕ್ ಟಕ್ ಟಕ್ ಅಂತ ಸದ್ದು, ಸುಟ್ಟ ವಾಸನೆ. ಅವತ್ತು ಮುಖ ಉರಿ, ಕೆಂಪು, ಊತ. ಮೂರನೇ ದಿನ ಕನ್ನಡಿ ನೋಡಿದ್ರೆ ಕೆನ್ನೆ ತುಂಬ ಸಾಲುಸಾಲಾಗಿ ಸಣ್ಣ ಕಂದು ಚುಕ್ಕೆ, ಮುಟ್ಟಿದ್ರೆ ತರಿತರಿ. ವಾರದೊಳಗೆ ಉದುರುತ್ತೆ, ಕಿತ್ರೆ ಮುಗೀತು, ಕಲೆ ಗ್ಯಾರಂಟಿ. ಇದಕ್ಕೆ ಬೇಕಿರೋದು ಮನೇಲಿರೋಕೆ ಒಂದು ವಾರ, ಆಮೇಲೆ ಹುಷಾರಾಗಿರೋಕೆ ಒಂದು ತಿಂಗಳು. ಅಮೆರಿಕದಿಂದ ಡಿಸೆಂಬರ್ ರಜೆಗೆ ಬರೋರು ಇಲ್ಲಿ ಕಮ್ಮಿ ರೇಟು ಅಂತ ಮೊದಲ ವಾರ ಸಿಓಟು ಮಾಡಿಸಿ, ಎರಡನೇ ವಾರ ಬೀಚಿಗೆ ಹೋಗ್ತಾರೆ. ದಯವಿಟ್ಟು ಬೇಡ, ನೀವು ನ್ಯೂಜೆರ್ಸಿಲೇ ಮಾಡಿಸಿ, ಚಳಿಗಾಲದ ಮಾತು ನಿಮಗೆ ಅಲ್ಲಿ ನಿಜವಾಗ್ಲೂ ಅನ್ವಯಿಸುತ್ತೆ.

ನನ್ನ ಕೇಳಿದ್ರೆ ನಮಗೆ ಆಷಾಢ ವಾಸಿ. ನಗ್ಬೇಡಿ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಕರಾವಳಿ ಮಲೆನಾಡಲ್ಲಿ ಸೂರ್ಯನೇ ಕಾಣಲ್ಲ, ಬೆಂಗಳೂರಲ್ಲೂ ಮೋಡ. ಸಿಓಟು ಮಾಡಿಸಿ ಮನೇಲಿ ಕೂತ್ರೆ ಯಾರೂ ಕೇಳಲ್ಲ. ಹಾಗಂತ ಮೋಡ ಅಂತ ಸನ್‌ಸ್ಕ್ರೀನ್ ಬಿಡೋ ಹಾಗಿಲ್ಲ, ಯುವಿ ಮೋಡ ದಾಟ್ಕೊಂಡು ಬರುತ್ತೆ. ಚಳಿಗಾಲವೇ ಬೇಕು ಅಂದ್ರೆ ಧನುರ್ಮಾಸ ನೋಡಿ, ಆಗ್ಲೂ ಮದುವೆ ಇರಲ್ಲ, ಬೆವರು ಕಮ್ಮಿ, ತುಂಬು ತೋಳಿನ ಬಟ್ಟೆ ಹಾಕೋಕೆ ಬೇಜಾರಾಗಲ್ಲ, ಇಷ್ಟು ಲಾಭ ನಾನೂ ಒಪ್ತೀನಿ. ಕಲಬುರಗಿ, ಬಳ್ಳಾರಿ ಕಡೆಯವರು ಮಾತ್ರ ಮಾಯಿಶ್ಚರೈಸರ್ ಧಾರಾಳವಾಗಿ ಹಚ್ಚಿ, ಆ ಒಣ ಗಾಳೀಲಿ ಚರ್ಮ ಮೊದ್ಲೇ ಬಿರಿದಿರುತ್ತೆ.

ಬಂಗು ಇರೋರು ಒಂದ್ನಿಮಿಷ ಕೇಳಿ. ಬಂಗಿಗೆ ಲೇಸರ್ ಅಂತ ಮೊದ್ಲೇ ಓಡಬೇಡಿ, ಯಾವ ಕಾಲದಲ್ಲೂ. ಆ ಬಿಸಿಗೇ ಬಂಗು ವಾಪಸ್ ಬರ್ಬಹುದು, ಮುಂಚಿಗಿಂತ ಕಪ್ಪಾಗಿ. ಕ್ರೀಮು, ಬೇಕಾದ್ರೆ ಮಾತ್ರೆ, ಐರನ್ ಆಕ್ಸೈಡ್ ಇರೋ ಟಿಂಟೆಡ್ ಸನ್‌ಸ್ಕ್ರೀನು, ಮೊದ್ಲು ಇವು. ಇದೆಲ್ಲ ಆಗಿ ಡಾಕ್ಟರೇ ಹೇಳಿದ್ರೆ ಮಾತ್ರ ಲೇಸರ್ ಮಾತು.

ಡಾಕ್ಟರ್ ಅಂದೆ ನೋಡಿ, ಬಹಳ ಕ್ಲಿನಿಕ್‌ಗಳಲ್ಲಿ ನಿಮಗೆ ಮೊದ್ಲು ಸಿಗೋದು ಕೌನ್ಸೆಲರ್. ಲ್ಯಾಮಿನೇಟ್ ಮಾಡಿದ ರೇಟ್ ಕಾರ್ಡು, ಕ್ಯಾಲ್ಕುಲೇಟರು, ಇಎಂಐ, "ಮೇಡಂ ಇವತ್ತೇ ಅಡ್ವಾನ್ಸ್ ಕೊಟ್ರೆ ಈ ರೇಟು". ನಿಮ್ಮ ತೋಳು ಟ್ಯಾನ್ ಆಗಿದ್ಯಾ ಅಂತ ಆಕೆ ನೋಡೋದೂ ಇಲ್ಲ. ದುಡ್ಡು ಕೊಡೋ ಮುಂಚೆ ಚರ್ಮದ ಡಾಕ್ಟರ್ ನೋಡ್ಬೇಕು ಅನ್ನಿ, ಗೋಡೆ ಮೇಲೆ ಕೆಪಿಎಂಇ ಸರ್ಟಿಫಿಕೇಟ್, ಅಂದ್ರೆ ಖಾಸಗಿ ಕ್ಲಿನಿಕ್ಕಿಗೆ ಕರ್ನಾಟಕ ಸರ್ಕಾರದ ನೋಂದಣಿ ಪತ್ರ, ಇದ್ಯಾ ನೋಡಿ, ಡಾಕ್ಟರ್ ಹೆಸರಿನ ಮುಂದೆ ಎಂಡಿ ಅಥವಾ ಡಿಪ್ಲೊಮಾ ಚರ್ಮರೋಗದ್ದೇನಾ ನೋಡಿ. ಟೆಸ್ಟ್ ಪ್ಯಾಚ್ ಕೇಳಿ, ಅಂದ್ರೆ ಮೊದ್ಲು ಸ್ವಲ್ಪ ಜಾಗದಲ್ಲಿ ಮಾತ್ರ ಮಾಡಿ ನೋಡೋದು. ಮೊಡವೆಗೆ ಐಸೊಟ್ರೆಟಿನಾಯಿನ್ ಅಥವಾ ಡಾಕ್ಸಿಸೈಕ್ಲಿನ್ ತಗೊಳ್ತಿದ್ರೆ, ತುಟಿ ಮೇಲೆ ಆಗಾಗ ಸರ್ಪಸುತ್ತಿನ ಥರ ಗುಳ್ಳೆ ಏಳ್ತಿದ್ರೆ, ಮುಚ್ಚಿಡದೆ ಹೇಳಿ. ಕೂದಲಿನ ಲೇಸರ್‌ಗೆ ಮುಂಚೆ ವ್ಯಾಕ್ಸು ಥ್ರೆಡಿಂಗು ಬೇಡ, ಬುಡನೇ ಇಲ್ದಿದ್ರೆ ಲೇಸರ್ ಯಾವ್ದಕ್ಕೆ ನಾಟ್ಬೇಕು? ಶೇವ್ ಓಕೆ.

ಆಗ್ಲೇ ಪ್ಯಾಕೇಜ್ ದುಡ್ಡು ಕಟ್ಟಿಬಿಟ್ಟಿದ್ದೀವಿ ಅನ್ನೋರು ಹೆದರ್ಬೇಡಿ. ಟ್ರಿಪ್ಪಿಗೆ ಹೋಗಿ ಟ್ಯಾನ್ ಆಗಿದ್ರೆ ಫೋನ್ ಮಾಡಿ ಡೇಟ್ ಮುಂದಕ್ಕೆ ಹಾಕಿಸಿ, ಸೆಷನ್ ಲ್ಯಾಪ್ಸ್ ಆಗಲ್ಲ ಅಂತ ಮೆಸೇಜಲ್ಲಿ ಬರೆಸ್ಕೊಳ್ಳಿ. ಎರಡು ಮೂರು ವಾರ ತಡ ಆದ್ರೆ ಕೂದಲೇನೂ ಓಡಿಹೋಗಲ್ಲ.