ಅರ್ಜಿಗೆ ಮುಂಚೆ ಆಸ್ಪತ್ರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಪಿಯುಸಿ ಫಲಿತಾಂಶ ಬಂತು, ನೀಟ್ ಅಂಕವೂ ಬಂತು ಅಂದ ಮೇಲೆ ನಮ್ಮ ಕಡೆ ಮನೆಗಳಲ್ಲಿ ಒಂದು ಮಾತು ಶುರುವಾಗುತ್ತದೆ. ಎಂಬಿಬಿಎಸ್ ಸೀಟು ಸಿಗಲಿಲ್ಲ, ಮುಂದೇನು? ಅಡಿಕೆ ರೇಟು ಎಷ್ಟೇ ಏರಿದರೂ ಮ್ಯಾನೇಜ್‌ಮೆಂಟ್ ಸೀಟಿನ ದುಡ್ಡು ತೋಟದಿಂದ ಹುಟ್ಟುವುದಿಲ್ಲ. ಆಗ ಯಾರಾದರೂ ನೆಂಟರು ಬಾಯಿ ಹಾಕುತ್ತಾರೆ. 'ಫಿಸಿಷಿಯನ್ ಅಸಿಸ್ಟೆಂಟ್ ಅಂತ ಒಂದು ಕೋರ್ಸ್ ಇದೆಯಂತೆ. ಅಮೆರಿಕದಲ್ಲಿ ಅದಕ್ಕೆ ಭಾರೀ ಬೇಡಿಕೆಯಂತೆ. ಇಲ್ಲಿ ಓದಿ ಅಲ್ಲಿಗೆ ಹಾರಬಹುದಂತೆ.'

ಈ ಅಂತೆಕಂತೆಯಲ್ಲಿ ಮೊದಲ ಎರಡು ಮಾತು ನಿಜ. ಮೂರನೆಯದು ಸುಳ್ಳು. ಅದನ್ನು ಬಿಡಿಸಿ ಹೇಳುವುದಕ್ಕೇ ಇವತ್ತು ಬಂದಿದ್ದೇನೆ.

ನಾನು ಶಿವಮೊಗ್ಗದ ಒಂದು ಆಸ್ಪತ್ರೆಯ ಹೃದ್ರೋಗ ವಿಭಾಗದಲ್ಲಿ ಫಿಸಿಷಿಯನ್ ಅಸಿಸ್ಟೆಂಟ್. ನಾವು ಚಿಕ್ಕದಾಗಿ ಪಿಎ ಅನ್ನುತ್ತೇವೆ. ಹಾಗಂದ ಕೂಡಲೇ ಮಂತ್ರಿಗಳ ಪಿಎ ನೆನಪಾಗುತ್ತಾರೆ, ಅಲ್ವಾ? ನಮ್ಮದು ಬೇರೆ ಕೆಲಸ. ವಾರ್ಡಿಗೆ ಬಂದ ರೋಗಿಯನ್ನು ಮಾತಾಡಿಸಿ ಕಾಯಿಲೆಯ ಪೂರ್ತಿ ಕಥೆ ಕೇಳುತ್ತೇವೆ. ಮೈ ಪರೀಕ್ಷೆ ಮಾಡುತ್ತೇವೆ. ರಕ್ತ ಪರೀಕ್ಷೆ, ಇಸಿಜಿ, ಎಕೋ ವರದಿಗಳನ್ನೆಲ್ಲ ಒಟ್ಟು ಮಾಡಿ ಡಾಕ್ಟರ ಮುಂದಿಡುತ್ತೇವೆ. ಬೈಪಾಸ್ ಆಪರೇಷನ್ ಇದ್ದರೆ ತರಬೇತಿ ಆದ ಪಿಎ ಕಾಲಿನ ರಕ್ತನಾಳವನ್ನು ಬಿಡಿಸಿ ತೆಗೆದು ಕೊಡುವುದೂ ಉಂಟು. ರೋಗಿ ಮನೆಗೆ ಹೊರಟಾಗ ಯಾವ ಮಾತ್ರೆ ಯಾವಾಗ, ಪಥ್ಯ ಏನು, ಮತ್ತೆ ಯಾವಾಗ ಬರಬೇಕು ಅಂತ ಕೂರಿಸಿ ಹೇಳುತ್ತೇವೆ. ಎಲ್ಲವೂ ವೈದ್ಯರ ಮೇಲ್ವಿಚಾರಣೆಯಲ್ಲಿ. ಬೋರ್ಡು ಹಾಕಿಕೊಂಡು ಸ್ವಂತ ಕ್ಲಿನಿಕ್ ತೆರೆಯುವಂತಿಲ್ಲ. ಬಿಳಿ ಕೋಟು ಕಂಡ ಕೂಡಲೇ ಹೊಸನಗರದ ಕಡೆಯ ಅಜ್ಜಿಯರು 'ಡಾಕ್ಟ್ರಮ್ಮಾ' ಅನ್ನುತ್ತಾರೆ. 'ಅಜ್ಜಿ, ನಾನು ಡಾಕ್ಟರಲ್ಲ, ಅವರ ಜೊತೆ ಕೆಲಸ ಮಾಡೋಳು' ಅಂತ ಪ್ರತಿ ಸಲ ಹೇಳುತ್ತೇನೆ. ಅಜ್ಜಿ ತಲೆಯಾಡಿಸಿ ಮತ್ತೆ 'ಆಯ್ತು ಡಾಕ್ಟ್ರಮ್ಮಾ' ಅನ್ನುತ್ತಾರೆ. ಆದರೂ ಹೇಳಲೇಬೇಕು.

ಈ ಕೆಲಸ ಹುಟ್ಟಿದ್ದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ, 1965ರಲ್ಲಿ. ಆಗ ಅಲ್ಲಿ ವೈದ್ಯರ ಕೊರತೆ. ನೌಕಾಪಡೆಯಲ್ಲಿ ವೈದ್ಯಕೀಯ ಸಹಾಯಕರಾಗಿ ಪಳಗಿ ಬಂದವರಿಗೆ ಊರಲ್ಲಿ ಅದೇ ಕೆಲಸಕ್ಕೆ ಅವಕಾಶವಿರಲಿಲ್ಲ. ಯೂಜೀನ್ ಸ್ಟೆಡ್ ಎಂಬ ವೈದ್ಯರು ಅಂಥ ನಾಲ್ಕು ಜನರನ್ನು ಸೇರಿಸಿಕೊಂಡು ತರಗತಿ ಶುರು ಮಾಡಿದರು. 1967ರಲ್ಲಿ ಮೂವರು ಪಾಸಾಗಿ ಹೊರಬಂದರು. ನಮ್ಮ ದೇಶಕ್ಕೆ ಇದು ಬಂದದ್ದು 1992ರಲ್ಲಿ, ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್ ಆಸ್ಪತ್ರೆಗೆ. ಹೃದಯ ಶಸ್ತ್ರಚಿಕಿತ್ಸಕ ಡಾ. ಕೆ.ಎಂ. ಚೆರಿಯನ್ ತಂದರು. ಅದಕ್ಕೇ ಇರಬೇಕು, ಇಲ್ಲಿನ ಪಿಎಗಳು ಇವತ್ತಿಗೂ ಹೃದಯ ವಿಭಾಗದಲ್ಲಿ ಜಾಸ್ತಿ ಕಾಣುತ್ತಾರೆ.

ಆ ಮೊದಲ ನಾಲ್ಕು ಜನರ ವಿಷಯ ಸ್ವಲ್ಪ ಗಮನಿಸಿ. ಅವರು ಪುಸ್ತಕ ಹಿಡಿಯುವ ಮೊದಲೇ ರೋಗಿಗಳನ್ನು ನೋಡಿ, ಗಾಯ ಕಟ್ಟಿ ಬಂದವರು. ಅಮೆರಿಕ ಆ ಪದ್ಧತಿಯನ್ನು ಇನ್ನೂ ಬಿಟ್ಟಿಲ್ಲ. ಅಲ್ಲಿ ಪಿಎ ಆಗಬೇಕಾದರೆ ಸಾಮಾನ್ಯವಾಗಿ ಮೊದಲು ಒಂದು ಪದವಿ ಆಗಿರಬೇಕು, ಆಮೇಲೆ ಸ್ನಾತಕೋತ್ತರ ಕೋರ್ಸ್. ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿ ವಿಜ್ಞಾನ, ರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ, ಮನಃಶಾಸ್ತ್ರ, ಇವನ್ನೆಲ್ಲ ಓದಿರಬೇಕು. ಇದರ ಜೊತೆಗೆ ಬಹಳಷ್ಟು ಕಾಲೇಜುಗಳು ಇನ್ನೊಂದು ಕೇಳುತ್ತವೆ: ರೋಗಿಯ ಹತ್ತಿರ ಕೈಯಾರೆ ಕೆಲಸ ಮಾಡಿದ ಗಂಟೆಗಳು. ಕೆಲವು ಕಡೆ 500 ಗಂಟೆ, ಹಲವು ಕಡೆ 1000, ಇನ್ನು ಕೆಲವು ಕಡೆ ಅದಕ್ಕಿಂತ ಜಾಸ್ತಿ. ಸುಮ್ನೆ ಆಸ್ಪತ್ರೆಯ ಕೌಂಟರಿನಲ್ಲಿ ಕೂತ ಗಂಟೆಗೆ ಅಷ್ಟು ಬೆಲೆ ಇಲ್ಲ. ಆಂಬುಲೆನ್ಸ್ ಸಹಾಯಕರಾಗಿಯೋ, ವಾರ್ಡಿನಲ್ಲಿ ಆರೈಕೆ ಮಾಡುವವರಾಗಿಯೋ ದುಡಿದಿರಬೇಕು.

ನನ್ನ ಚಿಕ್ಕಪ್ಪನ ಮಗಳು ಈಗ ಅಲ್ಲಿ ಇದನ್ನೇ ಓದುತ್ತಿದ್ದಾಳೆ. ಕೊಪ್ಪದ ಹುಡುಗಿ. ಇಲ್ಲಿ ಎಂ.ಎಸ್ಸಿ. ಮಾಡಿ, ಮದುವೆಯಾಗಿ ಅಲ್ಲಿಗೆ ಹೋದವಳು. ಪಿಎ ಆಗಬೇಕು ಅನ್ನಿಸಿದಾಗ ಅವಳ ಹತ್ತಿರ ಅಂಕ ಇತ್ತು, ಗಂಟೆ ಇರಲಿಲ್ಲ. ಆರೈಕೆಯ ತರಬೇತಿ ಪಡೆದು ಒಂದು ವೃದ್ಧಾಶ್ರಮ ಸೇರಿದಳು. ಮುದುಕರ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಊಟ ಮಾಡಿಸುವುದು, ಚಾದರ ಬದಲಿಸುವುದು. ಕೊಪ್ಪದಲ್ಲಿ ಚಿಕ್ಕಮ್ಮ ಅತ್ತೇ ಬಿಟ್ಟರು. 'ಎಂ.ಎಸ್ಸಿ. ಓದಿದವಳು ಕಂಡವರ ಮೈ ತೊಳೆಯೋದಾ? ಊರಲ್ಲಿ ಯಾರಿಗೂ ಹೇಳಬೇಡ ಮಾರಾಯ್ತಿ' ಅಂತ ನನಗೇ ತಾಕೀತು ಮಾಡಿದರು.

ಹುಡುಗಿ ಮಾತ್ರ ಫೋನಿನಲ್ಲಿ ಬೇರೆಯೇ ಕಥೆ ಹೇಳುತ್ತಿದ್ದಳು. 'ಅಕ್ಕಾ, ಒಬ್ಬರು ಅಜ್ಜ ಊಟಾನೇ ಬೇಡ ಅಂತಾರೆ. ಎಲ್ಲರೂ ಹಟ ಅಂದುಕೊಂಡಿದ್ರು. ಇವತ್ತು ಹಲ್ಲಿನ ಸೆಟ್ಟು ತೊಳೆಯುವಾಗ ನೋಡ್ತೀನಿ, ವಸಡಿನ ತುಂಬ ಹುಣ್ಣು. ನರ್ಸಿಗೆ ತೋರಿಸಿದೆ.' ಹಲ್ಲಿನ ಸೆಟ್ಟನ್ನು ಕೈಯಲ್ಲಿ ಹಿಡಿದವಳಿಗೇ ಅದು ಕಂಡದ್ದು. ಫೈಲಿನಲ್ಲಿ 'ಊಟ ನಿರಾಕರಿಸಿದರು' ಅಂತ ಮಾತ್ರ ಇತ್ತು.

ಅರ್ಜಿ ಹಾಕುವುದು ಅಲ್ಲಿ ದೊಡ್ಡ ಕೆಲಸವೇ. 300ಕ್ಕೂ ಹೆಚ್ಚು ಕಾಲೇಜುಗಳಿವೆ. ಹೆಚ್ಚಿನವಕ್ಕೆ ಒಂದೇ ಕಡೆಯಿಂದ ಆನ್‌ಲೈನಿನಲ್ಲಿ ಅರ್ಜಿ ಹೋಗುತ್ತದೆ. ಆ ವ್ಯವಸ್ಥೆಯ ಹೆಸರು ಕ್ಯಾಸ್ಪಾ. ಏಪ್ರಿಲ್ ಕೊನೆಯ ಹೊತ್ತಿಗೆ ತೆರೆಯುತ್ತದೆ. ಹಲವು ಕಾಲೇಜುಗಳು ಬಂದ ಅರ್ಜಿಯನ್ನು ಬಂದ ಹಾಗೇ ನೋಡಿ ಸಂದರ್ಶನಕ್ಕೆ ಕರೆಯುತ್ತಾ ಹೋಗುತ್ತವೆ. ಕೊನೆ ದಿನದವರೆಗೆ ಕಾದು ಹಾಕಿದರೆ ಅಷ್ಟರಲ್ಲಿ ಸೀಟು ಮುಗಿದಿರಬಹುದು. ಸಾಮಾನ್ಯವಾಗಿ ಮೂರು ಶಿಫಾರಸು ಪತ್ರ ಬೇಕು. ನಮ್ಮ ಕಡೆಯವರು ಊರಿನ ದೊಡ್ಡ ಮನುಷ್ಯರ ಪತ್ರ ಹುಡುಕುತ್ತಾರೆ. ಅಲ್ಲಿ ಅದಕ್ಕೆ ಮೂರು ಕಾಸಿನ ಬೆಲೆ ಇಲ್ಲ. ನೀವು ಕೆಲಸ ಮಾಡುವುದನ್ನು ಕಣ್ಣಾರೆ ನೋಡಿದವರು ಬರೆಯಬೇಕು.

ಆಮೇಲೆ ಪ್ರಬಂಧ. ನೀವು ಯಾಕೆ ಪಿಎ ಆಗಬೇಕು ಅಂತ 5000 ಅಕ್ಷರಗಳ ಒಳಗೆ ಬರೆಯಬೇಕು. ಪದವಲ್ಲ, ಅಕ್ಷರ. ನಡುವಿನ ಖಾಲಿ ಜಾಗವೂ ಲೆಕ್ಕಕ್ಕೆ ಸೇರುತ್ತದೆ. ನಮ್ಮ ಹುಡುಗಿಯ ಮೊದಲ ಕರಡು ನಾನು ಓದಿದೆ. 'ಚಿಕ್ಕಂದಿನಿಂದಲೂ ಜನಸೇವೆ ಮಾಡುವ ಕನಸು' ಅಂತ ಶುರುವಾಗಿತ್ತು. 'ಇದನ್ನ ಯಾರು ಬೇಕಾದ್ರೂ ಬರೀತಾರೆ ಕಣೆ, ಆ ಅಜ್ಜನ ಹಲ್ಲಿನ ಸೆಟ್ಟು ಎಲ್ಲಿ ಹೋಯ್ತು?' ಅಂದೆ. 'ಅದನ್ನೆಲ್ಲ ಬರೀಬಹುದಾ ಅಕ್ಕಾ?' ಅಂದಳು. ಬರೆದಳು. ಸಂದರ್ಶನದಲ್ಲಿ ಅವರು ಕೇಳಿದ್ದು ಬಹುಪಾಲು ಅದನ್ನೇ. ಹುಣ್ಣು ಕಂಡಾಗ ಮೊದಲು ಯಾರಿಗೆ ಹೇಳಿದೆ, ನೀನೇ ಯಾಕೆ ಮುಲಾಮು ಹಚ್ಚಲಿಲ್ಲ, ಅಂತ. ತನ್ನ ಕೆಲಸದ ಗಡಿ ಎಲ್ಲಿ ಮುಗಿಯುತ್ತದೆ ಅಂತ ಇವಳಿಗೆ ಗೊತ್ತಿದೆಯೋ ಇಲ್ಲವೋ, ಅದನ್ನು ನೋಡಿದ್ದು. ಪಿಎಗೆ ಅದು ಗೊತ್ತಿರಲೇಬೇಕು.

'ಡಾಕ್ಟರ್ ಯಾಕೆ ಆಗಬಾರದು?' ಅನ್ನುವ ಪ್ರಶ್ನೆಯೂ ಬಂದೇ ಬರುತ್ತದೆ. ಸೀಟು ಸಿಗಲಿಲ್ಲ ಅನ್ನುವುದು ಅದಕ್ಕೆ ಉತ್ತರವಲ್ಲ. ಇನ್ನೊಬ್ಬರ ಮೇಲ್ವಿಚಾರಣೆಯಲ್ಲಿ, ತಂಡದ ಒಳಗೆ, ಜೀವನಪೂರ್ತಿ ಕೆಲಸ ಮಾಡುವುದು ನನಗೆ ಇಷ್ಟವಾ? ಇದನ್ನು ಮನೆಯಲ್ಲೇ ಕೇಳಿಕೊಳ್ಳಿ. ಇಷ್ಟವಿಲ್ಲದವರು ಈ ಕೆಲಸಕ್ಕೆ ಬಂದು ಕೊರಗುವುದನ್ನು ನಾನು ನೋಡಿದ್ದೇನೆ.

ಇನ್ನು ಅಲ್ಲಿನ ಓದಿನ ವಿಷಯ. ಒಟ್ಟು ಎರಡು, ಎರಡೂವರೆ ವರ್ಷ. ಮೊದಲರ್ಧ ತರಗತಿ, ಶವವಿಚ್ಛೇದನ, ಔಷಧಶಾಸ್ತ್ರ, ಒಂದೊಂದು ಅಂಗದ ಕಾಯಿಲೆಗಳು. ಅಡಿಕೆ ಕೊನೆ ತೆಗೆಯುವ ಕಾಲದ ನಮ್ಮ ಮನೆಗಳ ಹಾಗೆ. ಇವತ್ತು ಇಳಿಸಿದ ಅಡಿಕೆ ಇವತ್ತೇ ಸುಲಿದು ಮುಗಿಸದಿದ್ದರೆ ನಾಳೆಯದು ಅಂಗಳಕ್ಕೆ ಬಂದು ಬಿದ್ದಿರುತ್ತದೆ. ಓದಿನ ಜೊತೆ ನೌಕರಿ ಮಾಡುತ್ತೇನೆ ಅಂದರೆ ಆಗದ ಮಾತು. ಬಹಳ ಕಾಲೇಜುಗಳೇ ಬೇಡ ಅನ್ನುತ್ತವೆ. ಉಳಿದರ್ಧ ಆಸ್ಪತ್ರೆಗಳಲ್ಲಿ. ಕುಟುಂಬ ವೈದ್ಯ, ಮೆಡಿಸಿನ್, ಸರ್ಜರಿ, ಮಕ್ಕಳು, ಹೆಂಗಸರ ಆರೋಗ್ಯ, ತುರ್ತು ಚಿಕಿತ್ಸೆ, ಮಾನಸಿಕ ಆರೋಗ್ಯ, ಹೀಗೆ ಒಂದೊಂದು ಕಡೆ ಕೆಲವು ವಾರ. ಕೊನೆಗೆ ದೇಶಕ್ಕೆಲ್ಲ ಒಂದೇ ಪರೀಕ್ಷೆ, 300 ಪ್ರಶ್ನೆ. ಅದು ಪಾಸಾಗಿ ರಾಜ್ಯದ ಲೈಸೆನ್ಸ್ ಸಿಕ್ಕರೆ ಕೆಲಸ. ಅಲ್ಲಿನ 50 ರಾಜ್ಯಗಳಲ್ಲೂ ಪಿಎ ಔಷಧಿ ಚೀಟಿ ಬರೆಯಬಹುದು.

ಈ ಓದಿನಲ್ಲಿ ಎಲ್ಲಕ್ಕಿಂತ ಕಷ್ಟದ್ದು ಯಾವುದು ಅಂತ ಕೇಳಿದರೆ ನಾನು ರೋಗಿಯ ಕಥೆ ಕೇಳುವುದು ಅನ್ನುತ್ತೇನೆ. ನಮ್ಮ ಜನ ಬಂದು ಕೂತು 'ಏನೋ ಸಂಕಟ' ಅನ್ನುತ್ತಾರೆ. ಆ ಸಂಕಟ ಎದೆಯದೋ, ಹೊಟ್ಟೆಯದೋ, ಮಗ ಬೆಂಗಳೂರಿಂದ ಫೋನ್ ಮಾಡಿಲ್ಲ ಅನ್ನುವುದೋ, ನಾವೇ ಬಿಡಿಸಬೇಕು. ಗುಡ್ಡ ಹತ್ತುವಾಗ ಜಾಸ್ತಿಯಾಗುತ್ತಾ? ನಿಂತರೆ ಕಡಿಮೆಯಾಗುತ್ತಾ? ಎಡಗೈಗೆ, ದವಡೆಗೆ ಎಳೆಯುತ್ತಾ? ಊಟ ಆದ ಮೇಲಾ, ಮೊದಲಾ?

ಜ್ವರ ಅಂತ ಬಂದರೆ ಇನ್ನೊಂದು ಬಗೆ. ಡಿಸೆಂಬರಿನಿಂದ ಮೇವರೆಗೆ ನಮ್ಮ ಜಿಲ್ಲೆಯಲ್ಲಿ ಜ್ವರದ ರೋಗಿಗೆ ಒಂದು ಪ್ರಶ್ನೆ ತಪ್ಪಬಾರದು. 'ದರಗು ಗುಡಿಸೋಕೆ, ಸೊಪ್ಪು ತರೋಕೆ ಕಾಡಿಗೆ ಹೋಗಿದ್ರಾ? ಮೈಮೇಲೆ ಉಣುಗು ಕಂಡಿತ್ತಾ? ಹತ್ತಿರದಲ್ಲಿ ಮಂಗ ಸತ್ತಿತ್ತಾ?' ಉಣುಗಿನಿಂದ ಹರಡುವ ವೈರಸ್ ಜ್ವರ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದಕ್ಕೆಂದೇ ಔಷಧಿ ಇಲ್ಲ. ಬೇಗ ಗುರುತಿಸಿ, ರಕ್ತದ ಮಾದರಿ ಪರೀಕ್ಷೆಗೆ ಕಳಿಸಿ, ಆರೈಕೆ ಶುರು ಮಾಡಬೇಕು. 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನ ಸುತ್ತಮುತ್ತ ಈ ಕಾಯಿಲೆ ಹಲವರ ಜೀವ ತೆಗೆದದ್ದನ್ನು ಕೇಳುಗರಿಗೆ ನಾನು ಹೇಳಬೇಕಾಗಿಲ್ಲ. ಇದನ್ನು ನಮ್ಮ ಹುಡುಗಿಗೆ ಹೇಳಿದರೆ ಅವಳು ನಕ್ಕಳು. 'ಇಲ್ಲೂ ಅದೇ ಅಕ್ಕಾ. ಬೇಸಿಗೆಯಲ್ಲಿ ಜ್ವರ ಅಂದ್ರೆ ಉಣುಗು ಕಚ್ಚಿದೆಯಾ ಅಂತ ಕೇಳದೆ ಇದ್ರೆ ಮೇಡಂ ಬೈತಾರೆ.' ಅಲ್ಲಿರುವುದು ಲೈಮ್ ಕಾಯಿಲೆ. ಅದು ವೈರಸ್ಸಿನದ್ದಲ್ಲ, ಬ್ಯಾಕ್ಟೀರಿಯಾದ್ದು, ಆಂಟಿಬಯೋಟಿಕ್‌ನಿಂದ ವಾಸಿಯಾಗುತ್ತದೆ. ಕಾಯಿಲೆ ಬೇರೆಯಾದರೂ ಕೇಳುವ ಪ್ರಶ್ನೆ ಒಂದೇ. ಕೊಪ್ಪದಲ್ಲಿ ದನದ ಕಿವಿಯಿಂದ ಉಣುಗು ಕಿತ್ತು ಬೆಳೆದವಳು, ಅವಳಿಗೆ ಅದನ್ನು ಯಾರೂ ಕಲಿಸಬೇಕಾಗಲಿಲ್ಲ.

ಈಗ ಆ ಮೂರನೇ 'ಅಂತೆ'ಗೆ ಬರುತ್ತೇನೆ. ಇಲ್ಲಿ ಪಿಎ ಓದಿದರೆ ನೇರ ಅಮೆರಿಕದಲ್ಲಿ ಪಿಎ ಆಗಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅವರಿಗೆ ದುಡ್ಡನ್ನಂತೂ ಕೊಡಲೇಬೇಡಿ. ಅಲ್ಲಿನ ಮಾನ್ಯತೆ ಇರುವ ಕಾಲೇಜಿನಲ್ಲಿ ಓದಿದವರು ಮಾತ್ರ ಆ 300 ಪ್ರಶ್ನೆಯ ಪರೀಕ್ಷೆಗೆ ಕೂರಬಹುದು. ಇಲ್ಲಿನ ಎಂಬಿಬಿಎಸ್ ಡಾಕ್ಟರಿಗೂ ಇದೇ ನಿಯಮ. ಪದವಿ ಇಲ್ಲಿನದಾದರೆ ಅದರ ಮೌಲ್ಯಮಾಪನ ಮಾಡಿಸಬೇಕು. ಎಷ್ಟೋ ಕಾಲೇಜುಗಳು ವಿಜ್ಞಾನದ ವಿಷಯಗಳನ್ನು ಅಲ್ಲೇ ಮತ್ತೆ ಓದಿಕೊಂಡು ಬನ್ನಿ ಅನ್ನುತ್ತವೆ. ನಮ್ಮ ಹುಡುಗಿಯೂ ಸಂಜೆ ತರಗತಿಗೆ ಹೋಗಿ ಓದಿದ್ದನ್ನೇ ಮತ್ತೆ ಓದಿದಳು. ಖರ್ಚು? ಹಲವು ಕಡೆ ಬೋಧನಾ ಶುಲ್ಕವೇ ಒಂದು ಲಕ್ಷ ಡಾಲರ್ ಮುಟ್ಟುತ್ತದೆ ಅಥವಾ ದಾಟುತ್ತದೆ. ಆಗಲೇ ಅಲ್ಲಿ ನೆಲೆಸಿದವರಿಗೆ ಇದು ಒಳ್ಳೆಯ ದಾರಿ. ತೋಟ ಅಡವಿಟ್ಟು ಇಲ್ಲಿಂದ ಹೋಗುವವರಿಗೆ ಬೇಡ ಅಂತಲೇ ನನ್ನ ಸಲಹೆ.

ಇಲ್ಲೇ ಓದುವವರಿಗೆ ದಾರಿ ಬೇರೆ. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಓದಿದವರಿಗೆ ಪದವಿ ಕೋರ್ಸ್ ಇದೆ, ಸಾಮಾನ್ಯವಾಗಿ ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಆಮೇಲೆ ಬೇಕಾದರೆ ಸ್ನಾತಕೋತ್ತರ. 2021ರಲ್ಲಿ ಕೇಂದ್ರದ ಹೊಸ ಕಾಯ್ದೆ ಬಂದು ಈ ವೃತ್ತಿಯನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಅಷ್ಟರ ಮಟ್ಟಿಗೆ ನಮ್ಮದು ಹೆಸರಿಲ್ಲದ ಕೆಲಸ ಅಲ್ಲ.

ಆದರೆ ಇಲ್ಲಿ ಯಾರೂ ಗಂಟೆ ಕೇಳುವುದಿಲ್ಲ. ಅಂಕಪಟ್ಟಿ ಕೊಟ್ಟರೆ ಸೀಟು. ರೋಗಿಯನ್ನು ಮೊದಲ ಸಲ ಮುಟ್ಟುವುದೇ ಫೀಸು ಕಟ್ಟಿ ಆದ ಮೇಲೆ. ರಕ್ತ, ಕೀವು, ವಾಂತಿ ಕಂಡು ಬಿಟ್ಟು ಹೋದ ಮಕ್ಕಳಿದ್ದಾರೆ. ಅವರದ್ದು ತಪ್ಪಲ್ಲ, ಮೊದಲೇ ನೋಡುವುದಕ್ಕೆ ಅವಕಾಶವೇ ಇರಲಿಲ್ಲ. ಯಾರೂ ಕೇಳದಿದ್ದರೂ ಆ ಗಂಟೆಗಳನ್ನು ನೀವೇ ಮಾಡಿಕೊಳ್ಳಿ. ರಜದಲ್ಲಿ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ನಾಲ್ಕು ಮನೆ ಸುತ್ತಿ ಬನ್ನಿ. ಪ್ರಥಮ ಚಿಕಿತ್ಸೆಯ ತರಬೇತಿ ಎಲ್ಲಾದರೂ ನಡೆದರೆ ಸೇರಿಕೊಳ್ಳಿ. ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದರೆ ಅಮ್ಮನ ಜೊತೆ ನೀವೂ ಕೈ ಜೋಡಿಸಿ. ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು, ಸೊಂಟ, ಹಿಮ್ಮಡಿ ಒತ್ತಿ ಹುಣ್ಣಾಗುತ್ತದೆ. ಚರ್ಮ ಕೆಂಪಾದದ್ದು ಯಾರ ಕಣ್ಣಿಗೆ ಮೊದಲು ಬೀಳುತ್ತದೆ ನೋಡಿ. ಗಂಡುಮಕ್ಕಳಿಗೂ ಇದು ಅನ್ವಯ. ನಮ್ಮ ಕಡೆ ಅವರನ್ನು ಈ ಕೆಲಸಕ್ಕೆ ಯಾರೂ ಕರೆಯುವುದೇ ಇಲ್ಲ.

ತಂದೆತಾಯಿಗಳಿಗೆ ಇನ್ನೊಂದು ಮಾತು. ಕಾಲೇಜು ನೋಡುವುದಕ್ಕೆ ಹೋದಾಗ ಕಟ್ಟಡ, ಹಾಸ್ಟೆಲ್ ನೋಡಿ ಬಂದುಬಿಡಬೇಡಿ. ಇಂಟರ್ನ್‌ಶಿಪ್ ಯಾವ ಆಸ್ಪತ್ರೆಯಲ್ಲಿ, ಅಲ್ಲಿ ಎಷ್ಟು ಹಾಸಿಗೆ, ಯಾವ ಯಾವ ವಿಭಾಗ ಅಂತ ಕೇಳಿ. ಆಮೇಲೆ ಆ ಆಸ್ಪತ್ರೆಗೇ ಹೋಗಿ, ವಾರ್ಡಿನಲ್ಲಿರುವ ಪಿಎ ಒಬ್ಬರನ್ನು ಹುಡುಕಿ, ಕ್ಯಾಂಟೀನಿನಲ್ಲಿ ಒಂದು ಕಾಫಿ ಕೊಡಿಸಿ ಮಾತಾಡಿಸಿ. ಕಾಲೇಜಿನ ಪುಸ್ತಿಕೆಯಲ್ಲಿ ಇಲ್ಲದ್ದನ್ನೆಲ್ಲ ಅವರು ಹೇಳುತ್ತಾರೆ. ಆ ಆಸ್ಪತ್ರೆಯಲ್ಲಿ ಹುಡುಕಿದರೂ ಒಬ್ಬ ಪಿಎ ಸಿಗಲಿಲ್ಲ ಅಂದರೆ, ಫೀಸು ಕಟ್ಟುವ ಮುನ್ನ ಇನ್ನೊಂದು ಕಾಲೇಜು ನೋಡಿ.

ನಮಸ್ಕಾರ.