ಗೀಸರ್ ರಿಪೇರಿಯೋ, ಹೊಸದೋ?

ಕೇಳುಗರಿಗೆ ನಮಸ್ಕಾರ. ಚಳಿ ಶುರುವಾಗುತ್ತಿದ್ದ ಹಾಗೆ ಎಷ್ಟೋ ಮನೆಗಳಲ್ಲಿ ಗೀಸರ್ ಕೈಕೊಡುತ್ತದೆ. ಹಳೇದಾಯ್ತು, ಬಿಸಾಕಿ ಹೊಸದು ತರೋಣ ಅನ್ನಿಸುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ. ಒಳಗಿನ ಟ್ಯಾಂಕ್ ಗಟ್ಟಿಯಾಗಿದ್ದರೆ ಆ ಗೀಸರಿಗೆ ಇನ್ನೂ ಆಯಸ್ಸಿದೆ.

ನೀರು ಬಿಸಿಯೇ ಆಗದಿದ್ದರೆ ಸಾಮಾನ್ಯವಾಗಿ ನೀರು ಕಾಯಿಸುವ ಕಾಯಿಲ್ ಸುಟ್ಟಿರುತ್ತದೆ, ಇಲ್ಲವೇ ಬಿಸಿ ಎಷ್ಟಿರಬೇಕೆಂದು ನಿಯಂತ್ರಿಸುವ ಥರ್ಮೋಸ್ಟಾಟ್ ಕೆಟ್ಟಿರುತ್ತದೆ. ಎರಡನ್ನೂ ಬದಲಾಯಿಸಬಹುದು. ಹೊಸ ಗೀಸರಿನ ಬೆಲೆಯ ಮುಂದೆ ಅದು ಸಣ್ಣ ಖರ್ಚು.

ಬೋರ್‌ವೆಲ್ ನೀರು ಬಳಸುವವರು ಇನ್ನೊಂದು ವಿಷಯ ಗಮನಿಸಬೇಕು. ಗಡಸು ನೀರು ಕಾದಾಗ ಸುಣ್ಣದಂಥ ಬಿಳಿ ಪದರ ಕಾಯಿಲ್ ಸುತ್ತ ಕಟ್ಟಿಕೊಳ್ಳುತ್ತದೆ, ಚಕ್ಕೆಗಳು ಟ್ಯಾಂಕಿನ ತಳಕ್ಕೆ ಬೀಳುತ್ತವೆ. ಆಗ ಗೀಸರ್ ಹಾಕಿದರೆ ಒಳಗೆ ಚಟಪಟ ಸದ್ದು. ಶಾಖ ನೀರಿಗೆ ಸರಿಯಾಗಿ ದಾಟದೆ ಕಾಯಿಲೇ ಕಾದು ಕಾದು ಸುಟ್ಟುಹೋಗುತ್ತದೆ. ಇದಕ್ಕೆ ಬೇಕಾದದ್ದು ಸರ್ವೀಸ್.

ಸರ್ವೀಸ್ ಮಾಡುವವರು ಬಂದಾಗ ಆನೋಡ್ ರಾಡ್ ತೆಗೆದು ತೋರಿಸಲು ಹೇಳಿ. ಅದೊಂದು ಮೆಗ್ನೀಸಿಯಂ ಕಡ್ಡಿ. ತುಕ್ಕು ಟ್ಯಾಂಕಿನ ಉಕ್ಕಿಗೆ ತಗಲುವ ಮೊದಲು ಈ ಕಡ್ಡಿ ತಾನು ಸವೆಯುತ್ತದೆ. ಸವೆದು ಒಳಗಿನ ತಂತಿ ಕಾಣುತ್ತಿದ್ದರೆ ತಕ್ಷಣ ಹೊಸದು ಹಾಕಿಸಿ. ಎಷ್ಟೋ ಮನೆಗಳಲ್ಲಿ ಇಂಥ ಕಡ್ಡಿ ಇದೆ ಅನ್ನೋದೇ ಗೊತ್ತಿರುವುದಿಲ್ಲ. ಅದನ್ನು ಕೇಳದೆ ಬಿಟ್ಟು ಟ್ಯಾಂಕನ್ನೇ ಕಳೆದುಕೊಳ್ಳುತ್ತಾರೆ.

ನೀರು ಸೋರುತ್ತಿದ್ದರೆ ಎಲ್ಲಿಂದ ಅಂತ ನೋಡಿ. ಪೈಪಿನ ಜಾಯಿಂಟಿನಿಂದಾದರೆ ವಾಷರ್ ಬದಲಾಯಿಸಿದರೆ ಸಾಕು. ನೀರು ಕಾಯುವಾಗ ಸೇಫ್ಟಿ ವಾಲ್ವಿನಿಂದ ಒಂದೆರಡು ಹನಿ ಬೀಳುವುದು ಸಹಜ. ದಯವಿಟ್ಟು ಅದನ್ನು ಮುಚ್ಚಬೇಡಿ, ಒಳಗಿನ ಒತ್ತಡ ಹೊರಗೆ ಹೋಗುವ ದಾರಿ ಅದು. ಆದರೆ ಟ್ಯಾಂಕೇ ತೂತಾಗಿ ಗೀಸರಿನ ತಳದಿಂದ ತುಕ್ಕುಬಣ್ಣದ ನೀರು ಇಳಿಯುತ್ತಿದ್ದರೆ ರಿಪೇರಿಯ ಆಸೆ ಬಿಡಿ. ವೆಲ್ಡಿಂಗ್ ಮಾಡಿಸಿದರೆ ಆ ಶಾಖಕ್ಕೆ ಒಳಗಿನ ಗಾಜಿನ ಲೇಪ ಹಾಳಾಗುತ್ತದೆ, ಸುಮ್ನೆ ದುಡ್ಡು ದಂಡ.

ನಲ್ಲಿ ಮುಟ್ಟಿದಾಗ ಜುಮ್ ಅಂದರೆ ಅದೇ ಕ್ಷಣ ಗೀಸರಿನ ಎಂಸಿಬಿ, ಅಂದರೆ ಕರೆಂಟು ಬೋರ್ಡಿನಲ್ಲಿರುವ ಅದರ ಸುರಕ್ಷತಾ ಸ್ವಿಚ್ಚು, ಇಳಿಸಿ. ಎಲೆಕ್ಟ್ರಿಷಿಯನ್ ನೋಡುವವರೆಗೆ ಯಾರೂ ಆ ನೀರು ಮುಟ್ಟುವುದು ಬೇಡ. ಕಾಯಿಲ್ ಬಿರುಕು ಬಿಟ್ಟಿರಬಹುದು. ಜೊತೆಗೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಮನೆಯ ಅರ್ಥಿಂಗ್ ಕೂಡ ನೋಡಿಸಿ. ಅದು ಸರಿಯಿಲ್ಲದಿದ್ದರೆ ಹೊಸ ಗೀಸರ್ ತಂದರೂ ಅಪಾಯ ತಪ್ಪುವುದಿಲ್ಲ.

ಹೊಸದೇ ಬೇಕಾದರೆ ಕರೆಂಟು ಉಳಿತಾಯ ತೋರಿಸುವ ಸ್ಟಾರ್ ಗುರುತು ನೋಡಿ ತನ್ನಿ. ಸ್ಟಾರ್ ಜಾಸ್ತಿ ಇದ್ದಷ್ಟೂ ಕಾದ ನೀರು ಬೇಗ ಆರುವುದಿಲ್ಲ. 2000 ವ್ಯಾಟಿನ ಗೀಸರ್ ಒಂದು ಗಂಟೆ ಪೂರ್ತಿ ಓಡಿದರೆ 2 ಯೂನಿಟ್ ಕರೆಂಟು. ಅಂಗಡಿಯಲ್ಲಿ ಟ್ಯಾಂಕಿನ ವಾರಂಟಿ ಎಷ್ಟು ವರ್ಷ ಅಂತ ಬೇರೆಯಾಗಿ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ.