ಟ್ಯೂಬಿಂಗನ್‌ನಲ್ಲಿ ಮೊಬೈಲ್ ಟ್ರೆಷರ್ ಹಂಟ್, ಜೊತೆಗೊಂದು ಕಾಫಿ ಲೋಟದ ಕಥೆ

ಸರಿ, ಆಪ್ ಓಪನ್ ಆಯಿತು. ನಾವೀಗ ಜರ್ಮನಿಯ ಟ್ಯೂಬಿಂಗನ್‌ನಲ್ಲಿದ್ದೇವೆ. ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಒಂದು ಗಂಟೆ ಅಂದುಕೊಳ್ಳಿ. ಗೈಡ್ ಇಲ್ಲ, ಕೊಡೆ ಎತ್ತಿಕೊಂಡು ಮುಂದೆ ಹೋಗುವವರಿಲ್ಲ, ಮೊಬೈಲ್ ಸುಳಿವು ಕೊಡುತ್ತದೆ, ನಾವು ಹುಡುಕಬೇಕು. ಕ್ಯಾಮೆರಾ ಹಿಡಿದಿರುವುದು ನನ್ನ ತಂಗಿ. ಅಲುಗಾಡಿದರೆ ಬೈಯುವುದು ಅವಳಿಗೆ, ನನಗಲ್ಲ.

ಮೊದಲನೇ ಸುಳಿವು ಈ ದೊಡ್ಡ ಚರ್ಚು, ಸ್ಟಿಫ್ಟ್ಸ್‌ಕಿರ್ಶೆ. 1470ರಲ್ಲಿ ಕಟ್ಟಲು ಶುರು ಮಾಡಿದ್ದು. ಚಕ್ರಕ್ಕೆ ಸಿಕ್ಕಿಕೊಂಡಿರುವ ಮನುಷ್ಯನನ್ನು ಹುಡುಕಿ ಅನ್ನುತ್ತದೆ ಆಪ್. ನಾನು ಬಾಗಿಲ ಹತ್ತಿರ ಹುಡುಕಿದೆ, ಮೆಟ್ಟಿಲ ಹತ್ತಿರ ಹುಡುಕಿದೆ, ಅಲ್ಲಿ ಐಸ್‌ಕ್ರೀಮ್ ತಿನ್ನುತ್ತಾ ಕೂತಿದ್ದ ಕಾಲೇಜು ಹುಡುಗರು ನನ್ನನ್ನೇ ನೋಡಲು ಶುರು ಮಾಡಿದರು. ನೋಡಿದರೆ ಕಿಟಕಿಯಲ್ಲಿದ್ದಾನೆ! ಕಿಟಕಿಯ ಕಲ್ಲಿನ ಚೌಕಟ್ಟಿನಲ್ಲೇ ಚಕ್ರ, ಅದರೊಳಗೆ ಸೇಂಟ್ ಜಾರ್ಜ್. ಅವನಿಗೆ ಚಿತ್ರಹಿಂಸೆ ಕೊಡುತ್ತಿರುವ ದೃಶ್ಯ. ಸುಮ್ನೆ ನಡೆದು ಹೋಗಿದ್ದರೆ ಖಂಡಿತ ಕಣ್ಣಿಗೆ ಬೀಳುತ್ತಿರಲಿಲ್ಲ. ಈ ಆಟ ಮಕ್ಕಳಿಗೆ ಅಂತ ರೈಲಿನಲ್ಲಿ ಹೇಳಿದ್ದೆನಲ್ಲ, ಆ ಮಾತು ವಾಪಸ್.

ಎದುರಿಗೇ ಹೆಕೆನ್‌ಹೌವರ್ ಪುಸ್ತಕದಂಗಡಿ. 1895ರಿಂದ 1899ರವರೆಗೆ, ಮುಂದೆ ದೊಡ್ಡ ಲೇಖಕನಾದ ಹರ್ಮನ್ ಹೆಸ್ಸೆ ಇಲ್ಲಿ ಕೆಲಸ ಮಾಡುತ್ತಿದ್ದ. ಆಗಿನ್ನೂ ಹದಿನೆಂಟು ವರ್ಷದ ಹುಡುಗ, ಪುಸ್ತಕ ಜೋಡಿಸುವುದು, ಪಾರ್ಸೆಲ್ ಕಟ್ಟುವುದು. ಇವನ ಅಜ್ಜ ಯಾರು ಗೊತ್ತಾ? ಮಲಯಾಳಂ ನಿಘಂಟು ಮಾಡಿದ ಗುಂಡರ್ಟ್. ಹೆಸ್ಸೆಯ ಅಮ್ಮ ಹುಟ್ಟಿದ್ದು ತಲಶ್ಶೇರಿಯಲ್ಲಿ. ಕೇರಳದವರು ಈ ಅಂಗಡಿ ಮುಂದೆ ಫೋಟೋ ತೆಗೆಸಿಕೊಳ್ಳಲಿ, ನಮ್ಮವರ ವಿಷಯಕ್ಕೆ ಆಮೇಲೆ ಬರುತ್ತೇನೆ, ಮೊದಲು ಕಾಫಿ.

ಈ ಕಾಫಿ ವಿಷಯ ಸ್ವಲ್ಪ ಹೇಳಲೇಬೇಕು. ನಡೆಯುತ್ತಾ ಕುಡಿಯೋಣ ಅಂತ ಪಾರ್ಸೆಲ್ ಕೇಳಿದೆ. ಬಿಲ್ಲಿನಲ್ಲಿ ಕಾಫಿ ಒಂದು ಸಾಲು, ಅದರ ಕೆಳಗೆ ಐವತ್ತು ಸೆಂಟ್ ಇನ್ನೊಂದು ಸಾಲು. ಏನಿದು ಅಂದರೆ ಲೋಟಕ್ಕೆ ತೆರಿಗೆಯಂತೆ! ಕಾಗದದ ಲೋಟಕ್ಕೆ! ನಮ್ಮ ದುಡ್ಡಿನಲ್ಲಿ ಐವತ್ತು ರೂಪಾಯಿ ಹತ್ತಿರ. 2022ರ ಜನವರಿಯಿಂದ ಈ ಊರಿನಲ್ಲಿ ಹೀಗೇ. ಬಳಸಿ ಬಿಸಾಡುವ ಲೋಟಕ್ಕೆ ಐವತ್ತು ಸೆಂಟ್, ಊಟದ ಡಬ್ಬಿಗೆ ಐವತ್ತು, ಚಮಚ ಫೋರ್ಕಿಗೆ ಇಪ್ಪತ್ತು. ಕೇಸು ದೇಶದ ಸಂವಿಧಾನ ನ್ಯಾಯಾಲಯದವರೆಗೂ ಹೋಯಿತು, ಊರು ಹಾಕಿದ ತೆರಿಗೆ ಸರಿಯಾಗಿದೆ ಅಂತ 2025ರ ಜನವರಿಯಲ್ಲಿ ತೀರ್ಪು ಬಂತು. ಕೌಂಟರಿನಲ್ಲಿ ನಿಂತಾಗ ನನಗೆ ಸಿಟ್ಟು ಬಂದಿತ್ತು. ಆಮೇಲೆ ಯೋಚಿಸಿದರೆ, ನಮ್ಮ ದರ್ಶಿನಿಯಲ್ಲಿ ಸ್ಟೀಲ್ ಲೋಟದಲ್ಲಿ ಕುಡಿದು ಲೋಟ ಅಲ್ಲೇ ಇಟ್ಟು ಬರುತ್ತೇವಲ್ಲ, ಇವರು ಹೇಳುತ್ತಿರುವುದೂ ಅದನ್ನೇ ತಾನೇ? ಸರಿ ಸ್ವಾಮಿ, ಡೆಪಾಸಿಟ್ ಕಟ್ಟಿ ವಾಪಸ್ ಕೊಡುವ ಪ್ಲಾಸ್ಟಿಕ್ ಲೋಟ ತೆಗೆದುಕೊಂಡೆ, ಅದಕ್ಕೆ ತೆರಿಗೆ ಇಲ್ಲ. ಎರಡು ನಿಮಿಷದಲ್ಲಿ ಕಾಫಿ ಖಾಲಿ, ಲೋಟ ಮಾತ್ರ ಕೈಯಲ್ಲೇ ಉಳಿಯಿತು. ಒಂದು ಕೈಯಲ್ಲಿ ಮೊಬೈಲ್, ಇನ್ನೊಂದರಲ್ಲಿ ಖಾಲಿ ಲೋಟ, ಸುಳಿವಿನ ಉತ್ತರ ಟೈಪ್ ಮಾಡುವುದು ಮೂಗಿನಿಂದಲಾ? ಬ್ಯಾಗಿಗೆ ಹಾಕಿದರೆ ಕ್ಯಾಮೆರಾ ಚಾರ್ಜರ್ ಮೇಲೆ ಕಾಫಿ ಸೋರುತ್ತದೆ. ಮುಂದಿನ ಬೀದಿಯ ಅಂಗಡಿಯಲ್ಲಿ ಕೊಡೋಣ ಅಂದರೆ ಅದು ನಮ್ಮ ಲೋಟ ಅಲ್ಲ ಅಂದರು. ಹಾಗಾಗಿ ಈ ವಿಡಿಯೋದಲ್ಲಿ ಮುಂದೆ ಎಲ್ಲ ಕಡೆ ನನ್ನ ಕೈಯಲ್ಲಿ ಒಂದು ನೀಲಿ ಲೋಟ ಕಾಣಿಸುತ್ತದೆ, ಕಾಮೆಂಟಿನಲ್ಲಿ ಕೇಳಬೇಡಿ.

ಇದು ಮ್ಯೂಂಟ್ಸ್‌ಗಾಸೆ, ಜರ್ಮನಿಯ ಮಹಾಕವಿ ಗಯಟೆ ಉಳಿದುಕೊಂಡಿದ್ದ ಬೀದಿ. ಆ ಮನೆಯ ಮೇಲೆ 'ಗಯಟೆ ಇಲ್ಲಿ ಇದ್ದರು' ಅಂತ ಗಂಭೀರವಾದ ಫಲಕ. ಪಕ್ಕದ ಮನೆಗೆ ಝೂಮ್ ಮಾಡು ಮಾರಾಯ್ತಿ. 'ಗಯಟೆ ಇಲ್ಲಿ ವಾಂತಿ ಮಾಡಿದರು'! ವಿದ್ಯಾರ್ಥಿಗಳ ಕೆಲಸ. ಇದಕ್ಕೆ ಆಪಿನಲ್ಲಿ ಪಾಯಿಂಟ್ ಬೇರೆ.

ನನ್ನ ಜಗಳ ಇರುವುದು ಇಲ್ಲೇ. 1797ರಲ್ಲಿ ಬಂದು ಕೆಲವೇ ದಿನ ಇದ್ದು ಹೋದ ಗಯಟೆಯ ವಾಂತಿಗೂ ಪಾಯಿಂಟ್ ಇದೆ, ಆದರೆ ಇಡೀ ಆಟದಲ್ಲಿ ಫರ್ಡಿನೆಂಡ್ ಕಿಟೆಲ್ ಹೆಸರೇ ಇಲ್ಲ. ಹೌದು, ನಮ್ಮ ನಿಘಂಟಿನ ಕಿಟೆಲ್ಲೇ. 1853ರಲ್ಲಿ ನಮ್ಮ ಕಡೆ ಬಂದವರು, ವರ್ಷಗಟ್ಟಲೆ ಪದ ಕೂಡಿಹಾಕಿ 1894ರಲ್ಲಿ ಮಂಗಳೂರಿನಲ್ಲಿ ಆ ನಿಘಂಟನ್ನು ಹೊರತಂದರು. ಇದೇ ಊರಿನ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ತೀರಿಕೊಂಡಿದ್ದೂ ಇಲ್ಲೇ, 1903ರಲ್ಲಿ. ಲೆಕ್ಕ ಹಾಕಿ ನೋಡಿ, ಹೆಸ್ಸೆ ಆ ಅಂಗಡಿಯಲ್ಲಿ ಪಾರ್ಸೆಲ್ ಕಟ್ಟುತ್ತಿದ್ದಾಗಲೇ ಅದೇ ಊರಿನಲ್ಲಿ ಇವರಿಗೆ ಡಾಕ್ಟರೇಟ್ ಬಂದಿದೆ. ಆಪ್ ಮಾಡುವವರಿಗೆ ಇದು ಗೊತ್ತಿರಬೇಕು ಅಂತ ಇಲ್ಲ ಬಿಡಿ, ಆದರೂ ಫೀಡ್‌ಬ್ಯಾಕ್ ಡಬ್ಬದಲ್ಲಿ ಬರೆದು ಕಳಿಸಿದ್ದೇನೆ.

ಮೇಲೆ ಕೋಟೆ. ಏರು ಜಾಸ್ತಿ, ಮಾತು ಕಡಿಮೆ. ಈ ಕೋಟೆಯ ಹಳೇ ಅಡುಗೆಮನೆಯಲ್ಲಿ ಒಂದು ಲ್ಯಾಬ್ ಇತ್ತು. 1869ರಲ್ಲಿ ಫ್ರೀಡ್ರಿಶ್ ಮೀಶರ್ ಇಲ್ಲಿ ಕೂತು ಆಸ್ಪತ್ರೆಯಿಂದ ಗಾಯದ ಬ್ಯಾಂಡೇಜ್ ತರಿಸಿಕೊಂಡು, ಅದರ ಕೀವಿನಿಂದ ಒಂದು ವಸ್ತು ಬೇರ್ಪಡಿಸಿದ. ಆಮೇಲೆ ಡಿಎನ್‌ಎ ಅಂತ ಹೆಸರಾಗಿದ್ದು ಅದೇ. ಕೀವು, ಅಡುಗೆಮನೆ. ತಂಗಿ ಬ್ರೆಡ್ ಪೊಟ್ಟಣ ಮುಚ್ಚಿ ಬ್ಯಾಗಿಗೆ ಹಾಕಿಬಿಟ್ಟಳು.

ಕೆಳಗೆ ಇಳಿದು ಮಾರುಕಟ್ಟೆ ಚೌಕ. ಬಣ್ಣ ಬಣ್ಣದ ಚಿತ್ರ ಇರುವುದು ಊರಿನ ಟೌನ್ ಹಾಲ್, 1435ರದ್ದು, ಚಿತ್ರಗಳು ಮಾತ್ರ 1870ರ ದಶಕದವು. ಮೇಲಿನ ಗಡಿಯಾರ 1511ರದ್ದು, ಯೊಹಾನೆಸ್ ಸ್ಟೋಫ್ಲರ್ ಮಾಡಿದ್ದು. ಡ್ರ್ಯಾಗನ್ ಆಕಾರದ ಮುಳ್ಳು ಏನು ತೋರಿಸುತ್ತದೆ ಅನ್ನುವುದು ಪ್ರಶ್ನೆ. ಪಕ್ಕದ ಟೀಮಿನವರು ನೆಟ್‌ನಲ್ಲಿ ಹುಡುಕುತ್ತಿದ್ದರು. ನಾನು ನೋಡಿದ ತಕ್ಷಣ ರಾಹು ಕೇತು ಅಂದೆ! ಚಂದ್ರನ ದಾರಿ ಸೂರ್ಯನ ದಾರಿಯನ್ನು ದಾಟುವ ಆ ಎರಡು ಜಾಗ, ಗ್ರಹಣ ಆಗುವುದು ಅಲ್ಲೇ ಹತ್ತಿರ. ಪಂಚಾಂಗ ನೋಡುವ ಅಜ್ಜಿ ಇದ್ದರೆ ಇಷ್ಟು ಲಾಭ. ಆಪಿಗೆ ಗ್ರಹಣ ಅಂತ ಹಾಕಿದೆ, ಹಸಿರು ಟಿಕ್ ಬಂತು. ಲೋಟ ಕೊಟ್ಟಿದ್ದ ಅಂಗಡಿಯೂ ಇಲ್ಲಿಂದ ಹತ್ತಿರ, ಓಡಿ ಹೋಗಿ ಡೆಪಾಸಿಟ್ ವಾಪಸ್ ತಂದೆ. ಮುಗಿಯಿತು ಆ ಕಥೆ.

ಇನ್ನು ಕೊನೇ ಸುಳಿವು. ನೆಕ್ಕರ್ ನದಿ, ಹಳದಿ ಗೋಪುರ. ಕವಿ ಹೋಲ್ಡರ್‌ಲಿನ್ ಮನಸ್ಸು ಕೆಟ್ಟ ಮೇಲೆ 1807ರಿಂದ 1843ರವರೆಗೆ, ಸಾಯುವ ತನಕ, ಒಬ್ಬ ಬಡಗಿಯ ಮನೆಯವರು ಇಲ್ಲಿ ನೋಡಿಕೊಂಡರು. ಮೂವತ್ತಾರು ವರ್ಷ! ಆ ಬಡಗಿಯ ಹೆಸರು ಎರ್ನ್ಸ್ಟ್ ಸಿಮ್ಮರ್, ಉತ್ತರವೂ ಅದೇ. ಹಳೇ ಗೋಪುರ 1875ರಲ್ಲಿ ಸುಟ್ಟು ಹೋಯಿತು, ನೀವು ನೋಡುತ್ತಿರುವುದು ಮತ್ತೆ ಕಟ್ಟಿದ್ದು.

ನೀರಿನಲ್ಲಿ ಉದ್ದ ಗಳ ಊರಿ ದೂಡುವ ದೋಣಿಗಳು ಕಾಣಿಸುತ್ತಿವೆಯಲ್ಲ, ವರ್ಷಕ್ಕೊಮ್ಮೆ ವಿದ್ಯಾರ್ಥಿಗಳು ಇದರಲ್ಲೇ ರೇಸ್ ಮಾಡುತ್ತಾರೆ. ಸೋತವರು ಒಬ್ಬೊಬ್ಬರೂ ಅರ್ಧ ಲೀಟರ್ ಮೀನೆಣ್ಣೆ ಕುಡಿಯಬೇಕು. ನನ್ನ ಪ್ರಕಾರ ಇದು ಲೋಟದ ತೆರಿಗೆಗಿಂತ ಕ್ರೂರ. ಆಪ್ ಏನೋ ಸರ್ಟಿಫಿಕೇಟ್ ತೋರಿಸುತ್ತಿದೆ, ಸ್ಕ್ರೀನ್‌ಶಾಟ್ ಆಮೇಲೆ ಹಾಕುತ್ತೇನೆ. ಮೊಬೈಲ್ ನಾಲ್ಕು ಪರ್ಸೆಂಟ್‌ಗೆ ಬಂದಿದೆ, ದೋಣಿಯವರು ಇನ್ನಿಬ್ಬರಿಗೆ ಜಾಗ ಇದೆ ಅಂತ ಕೈ ಬೀಸುತ್ತಿದ್ದಾರೆ, ಬಾರೇ ಬೇಗ, ಕ್ಯಾಮೆರಾ ಆಫ್ ಮಾಡು.